ಪಿಂಗಾಣಿಗೆ ಇಟ್ಟಿಗೆಪುಡಿ

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಶಿರಾಳಕೊಪ್ಪದ ಜವಳಿ ವ್ಯಾಪಾರಿ ಶಿವಮೂರ್ತಪ್ಪ ಅಡುಗೆಮನೆಗೆ ಪಿಂಗಾಣಿಯ ಸಿಂಕು ಹಾಕಿಸಿದರು. ಒಂದೇ ಒಂದು ಕಲೆ ನಿಂತರೂ ಸಿಂಕನ್ನೇ ಕೀಳಿಸುವುದಾಗಿ ಅವರ ತಾಯಿ ರಾಜೇಶ್ವರಮ್ಮ ಅಂದೇ ಸಾರಿದ್ದರು. ತಿಂಗಳೊಳಗೆ ಚಹದ ಕಲೆ ಕೂತಿತು. ಹಿತ್ತಾಳೆ ಕೊಡ ಬೆಳಗುವ ಇಟ್ಟಿಗೆಪುಡಿ ಹಿಡಿದು ರಾಜೇಶ್ವರಮ್ಮ ಬಂದಾಗ ಸೊಸೆ ನೀಲಾಂಬಿಕ ಅಡ್ಡ ನಿಂತಳು.

“ಪುಡಿ ತಿಕ್ಕಿದ್ರೆ ಹೊಳಪು ಸವೀತದ್ರೀ, ಅತ್ತೆವ್ರೇ. ಆಮೇಲೆ ಕಲೆ ಬಿಡೋದೇ ಇಲ್ಲ.”

“ಮೊದಲಿನಂಗೆ ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆಯಾಕೆ ದೊರೆಸಾನಿಗೆ ಸೊಂಟ ಬಗ್ಗಲ್ಲ, ಅಲ್ಲೇನೆ?”

“ಬಗ್ಗಲ್ರೀ. ಇನ್ನು ಬಗ್ಗಿಸೋದೂ ಇಲ್ಲ.”

ಅಡುಗೆಸೋಡ ನೀರಿನಲ್ಲಿ ಕಲಸಿ ಕಲೆಗೆ ಮೆತ್ತಿ, ಹಳೆಯ ಪಂಚೆಯ ತುಂಡಿನಿಂದ ಸಾವಕಾಶವಾಗಿ ಒರೆಸಿದಳು. ಅರ್ಧ ಹೋಯಿತು, ಅರ್ಧ ಉಳಿಯಿತು.

“ಉಳಿದದ್ದು ನಾಳೆ ಹೋಗ್ತದೆ. ಸಿಂಕು ಕೀಳಾಕೆ ಬಂದವರು ಮೊದಲು ನನ್ನ ಸರಿಸಬೇಕು,” ಎಂದಳು.

ರಾಜೇಶ್ವರಮ್ಮ ಇಟ್ಟಿಗೆಪುಡಿಯನ್ನು ಕೊಡಗಳ ಬಳಿಗೆ ಒಯ್ದರು.