ಉಡಿ ತುಂಬಿಸಿಕೊಂಡವಳು

"ಏ ಹುಸೇನಿ, ತೆಗಿ ಕೈ ಆ ಸ್ವಿಚ್ ಮ್ಯಾಲಿಂದ! ಗಿರಣಿ ಏನ ನಿಮ್ಮಪ್ಪ ಕಟ್ಟಿಸ್ಯಾನೇನ, ಮನಸಿಗೆ ಬಂದಾಗ ಬಂದ್ ಮಾಡಾಕ?"

ಮೇಸ್ತ್ರಿ ಅಮರೇಶಪ್ಪ ಆ ತುದಿಯಿಂದ ಕೂಗಿದ. ನಾನು ಕೈ ತೆಗೆದೆ. ತೊಗರಿ ಹೊಟ್ಟು ಗಿರಣಿ ತಿರುಗಿಸುವ ಪಟ್ಟಾದ ಗಾಲಿಗೆ ಸಿಕ್ಕಿಕೊಂಡು ಸುಟ್ಟ ವಾಸನೆ ಬರುತ್ತಿತ್ತು. ಮೊದಲು ಆ ಗಾಲಿಗೆ ಕೈ ಸಿಕ್ಕದಂತೆ ಮುಚ್ಚುವ ಒಂದು ಕಬ್ಬಿಣದ ಜಾಳಿಗೆ ಇತ್ತು. ಅದರಲ್ಲಿ ಹೊಟ್ಟು ಕಟ್ಟಿಕೊಂಡು ಗಿರಣಿ ಮೇಲಿಂದ ಮೇಲೆ ನಿಲ್ಲುತ್ತದೆ ಎಂದು ಮಾಲೀಕ ಅದನ್ನು ಬಿಚ್ಚಿಸಿ ಮೂಲೆಗೆ ಹಾಕಿಸಿದ್ದ.

"ನಿಂದ್ರಸಲಾರ್ದ ಹ್ಯಾಂಗ ತೆಗೀಲಿರಿ ಹೊಟ್ಟು?"

"ಇಷ್ಟ ದಿನ ಹ್ಯಾಂಗ ತೆಗದಿ? ಹಂಗ ತೆಗಿ. ಭಾಳ ರಾಣಿ ಆಗ್ಯಾಳ ಬೋಸಡಿ."

ಹಾಗೆಯೇ ತೆಗೆದೆ. ಎಡಗೈಯಲ್ಲಿ ಸೆರಗು ಬಿಗಿಹಿಡಿದು ಬಲಗೈ ಒಳಗೆ ಹಾಕಿದೆ. ಮೊದಲು ಬಳೆ ಹೋಯಿತು. ಆಮೇಲೆ ಯಾರೋ ಕೈ ಹಿಡಿದು ಒಳಗೆ ಜಗ್ಗಿದ ಹಾಗಾಯಿತು. ನಾನು ಚೀರಿದ್ದು ಗಿರಣಿಯ ಸದ್ದಿನಲ್ಲಿ ನನಗೇ ಕೇಳಲಿಲ್ಲ. ಚೀಲ ಹೊಲಿಯುತ್ತಿದ್ದ ನನ್ನ ಗಂಡ ಹುಲಗೇಶ ಓಡಿಬಂದು ಸ್ವಿಚ್ಚು ಆರಿಸಿದನಂತೆ. ಗಿರಣಿ ನಿಲ್ಲಿಸಿದ್ದಕ್ಕೆ ಅವನನ್ನೂ ಬೈದರೋ ಏನೋ, ಅಷ್ಟರಲ್ಲಿ ನನಗೆ ಎಚ್ಚರ ತಪ್ಪಿತ್ತು.

ಮೊಣಕೈ ಕೆಳಗೆ ಕತ್ತರಿಸಿದರು. ಆಸ್ಪತ್ರೆಗೆ ಹಾಕಿದವನೂ ಬಿಲ್ಲು ಕಟ್ಟಿದವನೂ ಮಾಲೀಕ ಗುರುಬಸವನೇ. ಕಲಬುರಗಿ ಕಡೆಯವನು. ನಾವು ದುಡಿಯಲು ಬಂದ ಈ ತೆಲುಗು ಶಹರದ ಉಪ್ಪಲ್‌ನಲ್ಲಿ ಅವನ ಬೇಳೆ ಗಿರಣಿ, ಕಾಚಿಗೂಡದಲ್ಲಿ ಮನೆ. ಲಾರಿಯವರ ಜೊತೆ ತೆಲುಗು, ವ್ಯಾಪಾರಿಗಳ ಜೊತೆ ಹಿಂದಿ ಆಡುತ್ತಿದ್ದ. ಕನ್ನಡವನ್ನು ನಮ್ಮನ್ನು ಬೈಯಲು ಇಟ್ಟುಕೊಂಡಿದ್ದ. ಅಂಥವನು ಅವತ್ತು ನನ್ನ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡು ಕೂತ.

"ನಾವೂ ನೀವೂ ಒಂದ ಕಡಿ ಮಂದಿ, ಹುಸೇನಮ್ಮ. ಪರಊರಾಗ ಪೊಲೀಸು, ಕೇಸು ಅಂತ ತಿರಗಬ್ಯಾಡ್ರಿ. ನಾ ಅದೀನಲ್ಲ?"

ಮೊಹರಮ್ಮಿನ ಹರಕೆಗೆ ನಮ್ಮವ್ವ ಇಟ್ಟ ನನ್ನ ಹೆಸರು ಅವನ ಬಾಯಿಂದ ಪೂರ್ತಿಯಾಗಿ ಬಂದದ್ದು ಅದೇ ಮೊದಲು. ಹುಲಗೇಶ ಕೈಮುಗಿದ. ನನಗೆ ಮುಗಿಯಲು ಆಗಲಿಲ್ಲ.

ಗಿರಣಿಯಲ್ಲಿ ಉಳಿದ ಹೆಣ್ಣಾಳುಗಳು ಆ ಗಾಲಿಯ ಹತ್ತಿರ ಹೋಗಲು ಒಪ್ಪಲಿಲ್ಲ. ರಕ್ತದ ರುಚಿ ಕಂಡಿದೆ, ಇನ್ನೊಬ್ಬರನ್ನು ಬೇಡುತ್ತದೆ ಎಂದು ಹಟ ಹಿಡಿದು ಕೂತರು. ದಸರಾ ಹತ್ತಿರ ಬಂದಿತ್ತು. ಗುರುಬಸವ ನಮ್ಮ ಜೋಪಡಿಗೆ ಕಾರು ಕಳಿಸಿದ.

"ನೀ ಬಂದು ಮಷಿನ್ನಿಗೆ ಕಾಯಿ ಒಡದ್ರ ಅವರ ಅಂಜಿಕಿ ಹೋಗ್ತೈತಿ" ಎಂದ. "ಹುಲಗೇಶನ ಕೆಲಸಾನೂ ಉಳೀತೈತಿ."

ಹೋದೆ. ಗಾಲಿಯನ್ನು ತೊಳೆದು ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕಿದ್ದರು. ಮೂಲೆಯಲ್ಲಿ ಬಿದ್ದಿದ್ದ ಜಾಳಿಗೆ ಹೊಸ ಹಸಿರು ಬಣ್ಣ ಬಳಿಸಿಕೊಂಡು ಗಾಲಿಯ ಮೇಲೆ ಕೂತಿತ್ತು. ನೋಡಿ ಹೊಟ್ಟೆ ಉರಿಯಿತು. ಆದರೂ ಎಡಗೈಯಲ್ಲಿ ಕಾಯಿ ಒಡೆದೆ. ಆಮೇಲೆ ಮಾಲೀಕನ ಹೆಂಡತಿ ಸ್ನೇಹಲತಾ ನನ್ನನ್ನು ಮಣೆಯ ಮೇಲೆ ಕೂಡಿಸಿ, ಅರಿಶಿನ ಕುಂಕುಮ ಹಚ್ಚಿ, "ಸೆರಗು ಹಿಡಿ" ಎಂದಳು. ನನಗೆ ಉಡಿ ತುಂಬಿದಳು. ಅಕ್ಕಿ, ಕಾಯಿ, ಉತ್ತತ್ತಿ, ಅಡಿಕೆ, ಮೇಲೊಂದು ಹಸಿರು ಸೀರೆ. ಬ್ಯಾಂಡೇಜು ಸುತ್ತಿದ ಕೈಯನ್ನು ಸೆರಗಿನ ಕೆಳಗೆ ಆಸರೆ ಕೊಟ್ಟು ಹಿಡಿದೆ.

"ನೀ ನನಗ ತಂಗಿ ಇದ್ದಂಗ" ಎಂದಳು.

ನಮ್ಮೂರಲ್ಲಿ ಗೌಡರ ಹೆಂಗಸರು ನಮ್ಮ ಕೇರಿಯವರ ಸೆರಗಿಗೆ ಏನಾದರೂ ಹಾಕಬೇಕಾದರೆ ಮೇಲಿಂದ ಬೀಳಿಸುತ್ತಿದ್ದರು. ಇವಳು ಮೈಗೆ ಮೈ ತಾಗುವಷ್ಟು ಹತ್ತಿರ ನಿಂತು ಹಾಕಿದಳು. ನಾನು ಅತ್ತೆ. ಸಂತೋಷಕ್ಕೇ ಅತ್ತೆ, ಸುಳ್ಳು ಯಾಕೆ ಹೇಳಲಿ. ಮೇಸ್ತ್ರಿ ಮೊಬೈಲಿನಲ್ಲಿ ಫೋಟೋ ಹೊಡೆದ. ಅದೂ ಮರ್ಯಾದೆಯೇ ಎಂದುಕೊಂಡೆ.

ಮರುದಿನ ಗಿರಣಿ ಶುರುವಾಯಿತು. ದೀಪಾವಳಿ ಹೊತ್ತಿಗೆ ಹುಲಗೇಶನ ಕೆಲಸ ಹೋಯಿತು. ಕೇಳಲು ಹೋದರೆ ಗುರುಬಸವ ಹೊರಗೇ ಬರಲಿಲ್ಲ. ಹುಲಗೇಶ ಬೆಳಿಗ್ಗೆ ಕೂಲಿ ಅಡ್ಡಾದಲ್ಲಿ ನಿಂತು, ಯಾರೂ ಕರೆಯದಿದ್ದರೆ ತಿರುಗಿ ಬಂದು ನನ್ನ ತಲೆ ಬಾಚುತ್ತಿದ್ದ, ಲಂಗದ ಲಾಡಿ ಕಟ್ಟುತ್ತಿದ್ದ.

ಕಾರ್ಮಿಕ ಸಂಘದ ವಕೀಲೆ ಸಪ್ನಾ ಪರಿಹಾರದ ಕೇಸು ಹಾಕಿದಳು. ಬೀದರಿನ ಹುಡುಗಿ. ಮೊದಲ ದಿನವೇ ಖಡಕ್ಕಾಗಿ ಹೇಳಿದಳು.

"ನೀ ಅಲ್ಲಿ ಕೂಲಿ ಇದ್ದಿ ಅಂತ ಸಾಬೀತಾದ್ರ ಪರಿಹಾರ ಸಿಗ್ತೈತಿ. ಇಲ್ಲಂದ್ರ ಏನೂ ಇಲ್ಲ. ಪಾಸು, ಚೀಟಿ, ಏನರೆ ಐತೇನು?"

ಏನಿತ್ತು? ಶನಿವಾರ ಶನಿವಾರ ಮೇಸ್ತ್ರಿ ಕೈಯಲ್ಲಿ ಕೊಡುತ್ತಿದ್ದ, ನಾನು ಕೈಯಲ್ಲಿ ತಗೊಳ್ಳುತ್ತಿದ್ದೆ. ಹುಟ್ಟಿದಾಗಿನಿಂದ ಲೋಕ ನನ್ನನ್ನು ಕೂಲಿಯವಳು ಎಂದೇ ಕರೆದಿದೆ. ಈಗ ಅದಕ್ಕೂ ರುಜುವಾತು ಬೇಕಂತೆ. ಗಂಡನ ಸಾಕ್ಷಿ ಗಂಡನ ಸಾಕ್ಷಿಯೇ, ಅದಕ್ಕೆ ತೂಕ ಕಮ್ಮಿ ಎಂದಳು ಸಪ್ನಾ.

ವಿಚಾರಣೆಯ ದಿನ ಕಾರ್ಮಿಕ ಇಲಾಖೆಯ ಆಫೀಸಿನಲ್ಲಿ, ಅಧಿಕಾರಿಯ ಎದುರು, ಮಾಲೀಕನ ವಕೀಲ ಜಯತೀರ್ಥ ದೊಡ್ಡದು ಮಾಡಿಸಿದ ಒಂದು ಫೋಟೋವನ್ನು ನನ್ನ ಮುಂದೆ ಹಿಡಿದ. ನಾನು, ಸೆರಗು, ಸೀರೆ, ಸ್ನೇಹಲತಾ, ಹಿಂದೆ ಹೂವು ಮುಡಿದ ಗಾಲಿ.

"ಇದರಾಗ ಇರಾಕಿ ನೀನೇನಮ್ಮ?"

"ಹೌದ್ರಿ."

"ನಿನಗ ಉಡಿ ತುಂಬ್ಯಾರ?"

"ತುಂಬ್ಯಾರ್ರಿ."

"ಏನಂತ ಕರದ್ರು ನಿನಗ?"

"ತಂಗಿ ಅಂದ್ರು."

"ಗಾಲಿ ಮ್ಯಾಲ ಜಾಳಗಿ ಕಾಣಸ್ತೈತಿ ಹೌದಿಲ್ಲೊ?"

"ಇದರಾಗ ಐತ್ರಿ, ಆದ್ರ ಅವತ್ತು..."

"ಕೇಳಿದಷ್ಟ ಹೇಳು."

ಅವನು ಅಧಿಕಾರಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ನಯವಾಗಿ ಮಾತಾಡಿದ. ಸಪ್ನಾ ನನ್ನ ಕಿವಿಯಲ್ಲಿ ಹೇಳುತ್ತ ಹೋದಳು. ನಮ್ಮ ಕಡೆ ಕೂಲಿಯವರಿಗೆ ಯಾರೂ ಉಡಿ ತುಂಬುವುದಿಲ್ಲವಂತೆ. ಮನೆಯ ಹೆಣ್ಣುಮಕ್ಕಳಿಗೆ, ಬೀಗರಿಗೆ ತುಂಬುತ್ತಾರಂತೆ. ನಾನು ಊರ ಕಡೆಯ ಪರಿಚಯದಿಂದ ಬಂದುಹೋಗುತ್ತಿದ್ದವಳಂತೆ. ಒಂದು ದಿನ ಕುತೂಹಲಕ್ಕೆ ಜಾಳಿಗೆ ಸರಿಸಿ ಕೈ ಹಾಕಿದೆನಂತೆ. ಆದರೂ ಪಾಪ, ಇವರೇ ಆಸ್ಪತ್ರೆಗೆ ಸೇರಿಸಿದರಂತೆ.

ಅಧಿಕಾರಿ ಕನ್ನಡಕ ಏರಿಸಿ ಫೋಟೋ ನೋಡಿದ. "ಚೀರ ಕೂಡಾ ಇಚ್ಚಾರು ಕದಮ್ಮಾ" ಎಂದ. ಸೀರೆಯನ್ನೂ ಕೊಟ್ಟಿದ್ದಾರಲ್ಲ, ಇನ್ನೇನು ಬೇಕು ಎನ್ನುವ ಧಾಟಿ. ನನ್ನ ಕೈ ಕಡೆ ನೋಡಲೇ ಇಲ್ಲ.

ಹೊರಗೆ ಬಂದ ಮೇಲೆ ಸಪ್ನಾ ಸಿಟ್ಟಿನಿಂದ ಕೆಂಪಾಗಿದ್ದಳು. "ಮುಂದಿನ ತಾರೀಖಿಗೆ ನೀ ಅಲ್ಲಿ ಕೆಲಸಾ ಮಾಡ್ತಿದ್ದಿ ಅಂತ ಹೇಳೂ ಒಬ್ಬರನ್ನರ ಕರಕೊಂಡು ಬಾ. ಇಲ್ಲಂದ್ರ ಮುಗೀತು."

ಗಿರಣಿ ಹಿಂದಿನ ಜೋಪಡಿಗಳಿಗೆಲ್ಲ ಹೋದೆ. ನನ್ನ ಜೊತೆ ಒಂದೇ ಬುತ್ತಿ ಉಂಡವರು ಬಾಗಿಲಲ್ಲೇ ನಿಂತು ಮಾತಾಡಿದರು. "ನಮಗೂ ಮಕ್ಕಳದಾವ, ಹುಸೇನಿ" ಎಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ಊರಿಗೆ ಹೋಗೂಣು ನಡಿ" ಎಂದ ಹುಲಗೇಶ.

"ಎರಡು ಕೈ ಇದ್ದಾಗ ಕೂಳು ಹಾಕಲಿಲ್ಲ ಊರು. ಈಗ ಹಾಕ್ತೈತೇನ?"

ಗುರುಬಸವನ ಮಗಳ ಮಾತುಕತೆಗೆ ಭಾನುವಾರ ಬೀಗರು ಬರುತ್ತಾರೆ ಎಂದು ಅವನ ಡ್ರೈವರನ ಬಾಯಲ್ಲಿ ಕೇಳಿದ್ದೆ. ಕಾಚಿಗೂಡಕ್ಕೆ ಹೊರಟೆ. ಬೇಡ, ಹೊಡೀತಾರೆ ಎನ್ನುತ್ತಲೇ ಹುಲಗೇಶ ಹಿಂದೆ ಬಂದ. ಗೇಟಿನ ಹತ್ತಿರ ಅವನ ಕಾಲು ಮುಂದೆ ಬರಲಿಲ್ಲ. ಮುಂದಿನ ಕೋಣೆಯಲ್ಲಿ ಗಂಡಸರು ನಗುತ್ತ ಕೂತಿದ್ದರು. ಬಂದವರ ಗದ್ದಲದಲ್ಲಿ ನನ್ನನ್ನು ಯಾರೂ ತಡೆಯಲಿಲ್ಲ.

ನಡುಮನೆಯಲ್ಲಿ ಹೆಂಗಸರ ಪಂಕ್ತಿ ಕೂತಿತ್ತು. ಗೋದಿಹುಗ್ಗಿಯ ಘಮ ತುಂಬಿತ್ತು. ಖಾಲಿ ಇದ್ದ ಒಂದು ತಾಟಿನ ಮುಂದೆ ಹೋಗಿ ಕೂತೆ. ಪಕ್ಕದಲ್ಲಿದ್ದ ಬೀಗತಿ, ರೇಷ್ಮೆ ಸೀರೆಯ ದೊಡ್ಡ ಹೆಂಗಸು, "ಬರ್ರಿ, ಕೂಡ್ರಿ" ಎಂದು ಸ್ವಲ್ಪ ಸರಿದು ಜಾಗ ಕೊಟ್ಟಳು.

ಸ್ನೇಹಲತಾ ಹುಗ್ಗಿಯ ಬೋಗುಣಿ ಹಿಡಿದು ಬಂದಳು. ನನ್ನನ್ನು ನೋಡಿ ನಿಂತುಬಿಟ್ಟಳು.

"ಅಕ್ಕಾ, ನನಗೂ ಹಾಕ್ರಿ" ಎಂದೆ.

ಅವಳು ಆಚೆ ಈಚೆ ನೋಡಿ ಗಡಬಡಿಸಿ ಒಂದು ಸೌಟು ಹಾಕಿದಳು. ಬೀಗತಿಯ ಕಣ್ಣು ನನ್ನ ಮೋಟುಗೈಯ ಮೇಲೆ ಬಿತ್ತು.

"ಅಯ್ಯ ಶಿವನ, ಏನಾತ್ರಿ ಇವರ ಕೈಗೆ? ಯಾರ್ರಿ ಇವರು, ನಿಮ್ಮ ಸಂಬಂಧಿಕರೇನ್ರಿ?"

ಸ್ನೇಹಲತಾ ಬೋಗುಣಿ ಎತ್ತಿಕೊಂಡು ಮುಂದಿನ ತಾಟಿನ ಕಡೆ ಸರಿದಳು.

"ಹೇಳ್ರಿ ಅಕ್ಕಾ" ಎಂದೆ. "ನಾ ಯಾರು?"

ಗುರುಬಸವ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದ. ಅವನ ಮುಖ ಕಪ್ಪಿಟ್ಟಿತು. ಬೀಗರಿದ್ದಾರೆ ಎನ್ನುವುದೂ ನೆನಪಾಗಲಿಲ್ಲ.

"ಏ ಹಲ್ಕಟ್ ರಂಡೆ! ಗಿರಣ್ಯಾಗ ಹೊಟ್ಟು ಬಳಿಯೂ ಕೂಲಿ ನೀ, ನಮ್ಮ ಮನಿ ಪಂಕ್ತ್ಯಾಗ ಕುಂದ್ರತಿ? ನನ್ನ ಪಗಾರ ತಿಂದು ನನ್ನ ಮ್ಯಾಲೇ ಕೇಸ್ ಹಾಕ್ತಿ?"

ನಾನು ಬಂದದ್ದು ಈ ಮಾತಿಗೇ. ಪಂಕ್ತಿಯ ಕಡೆ ತಿರುಗಿದೆ.

"ಕೇಳಿದ್ರೇನ್ರವ್ವ? ನಾ ಅವರ ಗಿರಣಿ ಕೂಲಿ ಅಂತ ಸಾವ್ಕಾರ್ರೇ ಅಂದ್ರು. ಇದೊಂದು ಮಾತು ನಿಮ್ಮೊಳಗ ಒಬ್ಬರು ಬಂದು ಆಫೀಸಿನಾಗ ಹೇಳ್ರಿ. ನಿಮ್ಮ ಕಾಲಿಗೆ ಬೀಳತೀನಿ. ಬ್ಯಾರೆ ಏನೂ ಹೇಳಬ್ಯಾಡ್ರಿ, ಇಷ್ಟ ಹೇಳ್ರಿ."

ಆ ತುದಿಯಿಂದ ಒಂದು ಧ್ವನಿ, "ಯಾವ ಮಂದಿ ಅಕಿ?" ಎಂದು ಕೇಳಿತು. ಇನ್ನೊಂದು ಧ್ವನಿ ನಮ್ಮ ಜಾತಿಯ ಹೆಸರು ಹೇಳಿತು.

ಜಾಗ ಕೊಟ್ಟಿದ್ದ ಬೀಗತಿ ಸೆರಗು ಎಳೆದುಕೊಂಡು ಎದ್ದಳು. ಅವಳ ಹಿಂದೆ ಎಲ್ಲರೂ ಎದ್ದರು. ಹಿತ್ತಲಲ್ಲಿ ಕೈ ತೊಳೆಯುವ ಸದ್ದು ಕೇಳಿತು. "ಬೀಗರ, ಕೂಡ್ರಿ, ಉಣ್ರಿ" ಎಂದು ಗುರುಬಸವ ಅವರ ಹಿಂದೆ ಓಡಿದ, ಓಡುತ್ತಲೇ ವಾಚ್‌ಮನ್‌ನನ್ನು ಕೂಗಿದ. ನಡುಮನೆಯಲ್ಲಿ ಅರ್ಧ ಉಂಡ ತಾಟುಗಳು, ನಾನು, ಬೋಗುಣಿ ಹಿಡಿದ ಸ್ನೇಹಲತಾ ಉಳಿದೆವು.

ಹುಗ್ಗಿ ಇನ್ನೂ ಬಿಸಿ ಇತ್ತು. ಎಡಗೈ ಹಾಕಿ ಉಂಡೆ. ಎಡಗೈಯಲ್ಲಿ ಉಂಡರೆ ನಮ್ಮವ್ವ ಬೆನ್ನಿಗೆ ಗುದ್ದುತ್ತಿದ್ದಳು. ಗೇಟಿನ ಹತ್ತಿರ ಹುಲಗೇಶನನ್ನು ಯಾರೋ ಹೊಡೆಯುತ್ತಿದ್ದ ಸದ್ದು ಕೇಳಿತು, ಬೂಟಿನ ಸದ್ದು ಒಳಗೆ ಬಂತು. ತಾಟು ಬಳಿದು ಮುಗಿಸಿ ಮುಂದಕ್ಕೆ ಹಿಡಿದೆ.

"ಇನ್ನೊಂದೀಟ ಹಾಕ್ರಿ, ಅಕ್ಕಾ."