ಕೈಯ ತೂಕ

ರೋಬಾಟ್ ತೋಳು ಬೆಳಗಿನಿಂದ ಮೂರನೇ ಸಲ ಅರ್ಧದಾರಿಯಲ್ಲಿ ನಿಂತು ಕೆಂಪು ದೀಪ ಹಾಕಿಕೊಂಡಿತು. ಸಂಜೆಯೊಳಗೆ ಸರಿಹೋಗದಿದ್ದರೆ ಮಾರಿದವರೇ ವಾಪಸ್ ಒಯ್ಯುತ್ತಾರೆ, ಎರಕದ ಚಕ್ರಗಳನ್ನು ಮೊದಲಿನಂತೆ ಆರು ಜನ ಕೈಯಲ್ಲೇ ಎತ್ತಬೇಕು ಎಂದು ಸೂಪರ್‌ವೈಸರ್ ಹೇಳಿಯಾಗಿತ್ತು. ಆ ಆರು ಜನರಲ್ಲಿ ಅಕ್ಕನೂ ಒಬ್ಬಳು. ಇಡೀ ಶೆಡ್ಡಿಗೇ ಅವಳು ಅಕ್ಕ. ಎಂಟು ತಿಂಗಳಿಂದ ಅವಳ ಬಲ ಭುಜ ಹಿಡಿದುಕೊಂಡಿತ್ತು. ಗೊತ್ತಾದರೆ ಮನೆಗೆ ಕಳಿಸಿಬಿಟ್ಟಾರೆಂದು ಹಲ್ಲು ಕಚ್ಚಿ ಎತ್ತುತ್ತಿದ್ದಳು. ಆ ಕಬ್ಬಿಣದ ತೋಳು ಬಂದ ದಿನ ಅವಳಿಗೆ ಹೋದ ಜೀವ ಬಂದಂತಾಗಿತ್ತು.

ತೋಳನ್ನು ಜೋಡಿಸಲು ಬಂದಿದ್ದ ಇಂಜಿನಿಯರ್ ಅದರ ವಿವರವಿದ್ದ ಕಾಗದವನ್ನು ಹತ್ತನೇ ಸಲ ಓದಿದ. ಓದಿದಷ್ಟೂ ಕಾಗದ ಬದಲಾಗುತ್ತದೇನೋ ಎಂಬ ಆಸೆ, ಪಾಪ.

“ಇಪ್ಪತ್ತು ಕೆಜಿ ಎತ್ತುತ್ತೆ ಅಂತ ಬರೆದಿದೆ. ಚಕ್ರ ಹದಿನಾರೇ ಇರೋದು. ಇನ್ನೂ ನಾಲ್ಕು ಮಿಕ್ಕಿದೆಯಲ್ಲ!”

“ಹಿಡಿಯೋ ಕೈಯನ್ನ ತೂಕಕ್ಕೆ ಹಾಕಿದ್ರಾ ಸಾರ್?” ಅಕ್ಕ ಕೇಳಿದಳು.

“ಕೈಯನ್ನ ಯಾರಕ್ಕಾ ತೂಗ್ತಾರೆ?”

ನಕ್ಕನೇನೋ ಸರಿ, ಆದರೂ ತೋಳಿನ ತುದಿಯಲ್ಲಿ ಚಕ್ರ ಹಿಡಿಯುವ ಉಕ್ಕಿನ ಹಿಡಿಕೆಯನ್ನು ಬಿಚ್ಚಿ ತಕ್ಕಡಿಯ ಮೇಲಿಟ್ಟ. ಆರು ಕೆಜಿ. ಚಕ್ರದ ಜೊತೆ ಇಪ್ಪತ್ತೆರಡು. ನಗು ಅಲ್ಲಿಗೇ ನಿಂತಿತು.

“ನಿಮಗೆ ಹೇಗೆ ಹೊಳೀತು?”

ಸೂಪರ್‌ವೈಸರ್ ಪಕ್ಕದಲ್ಲೇ ಇದ್ದ. ಏನಾದರೊಂದು ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. ಅಕ್ಕನಿಗೆ ಬಚ್ಚಿಟ್ಟು ಬಚ್ಚಿಟ್ಟು ಸಾಕಾಗಿತ್ತು.

“ನನ್ನ ಭುಜ ಹೋಗಿ ಎಂಟು ತಿಂಗಳಾಯ್ತು. ಏನೂ ಹಿಡಿದೇ ಇದ್ರೂ ಕೈಯೇ ಭಾರ. ತಲೆ ಬಾಚ್ಕೊಳ್ಳೋಕೂ ಆಗಲ್ಲ.”

ಸೂಪರ್‌ವೈಸರ್ ಅವಳ ಭುಜದ ಕಡೆ ನೋಡಿ, ತಕ್ಕಡಿಯ ಮೇಲಿದ್ದ ಹಿಡಿಕೆಯತ್ತ ತಿರುಗಿದ.

ಮಧ್ಯಾಹ್ನದ ಹೊತ್ತಿಗೆ ಉಕ್ಕಿನ ಹಿಡಿಕೆಯ ಜಾಗಕ್ಕೆ ಅಲ್ಯೂಮಿನಿಯಂನದು ಬಂತು, ಮೂರೇ ಕೆಜಿ. ಕೈ, ಚಕ್ರ ಎರಡೂ ಸೇರಿ ಹತ್ತೊಂಬತ್ತು. ಇಂಜಿನಿಯರ್ ಹೊಸ ತೂಕವನ್ನು ಯಂತ್ರಕ್ಕೆ ತುಂಬಿದ. ತೋಳು ಚಕ್ರವನ್ನೆತ್ತಿ, ತಿರುಗಿ, ಆಚೆಯ ಹಲಗೆಯ ಮೇಲಿಟ್ಟಿತು. ಇನ್ನೊಂದು. ಮತ್ತೊಂದು. ನಲವತ್ತಾದರೂ ಕೆಂಪು ದೀಪದ ಸುಳಿವಿಲ್ಲ.

“ಅಕ್ಕಾ, ನಾಳೆಯಿಂದ ನೀವು ಎತ್ತೋ ಕೆಲಸಕ್ಕೆ ಬರೋದು ಬೇಡ,” ಎಂದ ಸೂಪರ್‌ವೈಸರ್. ಅಕ್ಕನ ಮುಖ ಕಪ್ಪಿಟ್ಟಿತು. “ಈ ತೋಳನ್ನ ನಡೆಸೋದು ಕಲೀರಿ. ಮೊದಲು ಆ ಭುಜಾನ ಡಾಕ್ಟರಿಗೆ ತೋರಿಸಿ.”

ಅಕ್ಕ ತೋಳಿನ ಗುಂಡಿಗಳ ಹತ್ತಿರ ಬಂದು ನಿಂತಳು.

ಅವನು ಉಳಿದ ಐದು ಜನರ ಕಡೆ ತಿರುಗಿದ. “ಇನ್ಯಾರಿಗೆ ನೋವಿದೆ? ಕೈ ಎತ್ತಿ.”

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಂದು ಕೈ ಮೇಲೆದ್ದಿತು, ಅದರ ಹಿಂದೆಯೇ ಇನ್ನು ಮೂರು. ಐದನೆಯವನು ಎತ್ತಲು ನೋಡಿದ, ಆಗಲಿಲ್ಲ. “ನನ್ನದೂ ಸೇರಿಸ್ಕೊಳ್ಳಿ ಸಾರ್,” ಎಂದ.