ಮಂಡಳದ ಶಾಲು

ಮಿರಜಿನ ಸಾಹಿತ್ಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯಲು ಕೂತರೆ, ಏಪ್ರಿಲ್ ತಿಂಗಳ ಎರಡನೆಯ ಭಾನುವಾರ ಸಂಜೆ ಒಂದು ಶಾಲು ತನ್ನ ತಗಡಿನ ಡಬ್ಬಿಗೆ ವಾಪಸು ಬರಲಿಲ್ಲವೆಂಬ ಸಂಗತಿಗೆ ಅವರು ಒಂದು ಪೂರ್ತಿ ಅಧ್ಯಾಯವನ್ನೇ ಮೀಸಲಿಡಬೇಕಾಗುತ್ತದೆ. ಇದಕ್ಕಿಂತ ಸಣ್ಣ ಕಾರಣಕ್ಕೆ ರಾಜ್ಯಗಳು ಉರುಳಿವೆ.

ಶಾಲು ಶಬ್ದಗಂಧ ಸಾಹಿತ್ಯ ಮಂಡಳದ್ದು. ಮಂಡಳಕ್ಕೆ ಕಾಗದದ ಮೇಲೆ ನಲವತ್ತು ಸದಸ್ಯರು, ಕುರ್ಚಿಯ ಮೇಲೆ ಮೂವರು. ನೀರಾವರಿ ಕಚೇರಿಯ ಹೆಡ್ ಕ್ಲಾರ್ಕ್ ಸೂರ್ಯಕಾಂತ ಗುರವ ಅಧ್ಯಕ್ಷ, ಕವಿ. ಬಬನ್ ತಾಂಬಟ ಮದುವೆ ಕಾರ್ಡು ಅಚ್ಚು ಹಾಕುವ ಪ್ರೆಸ್ಸಿನವನು, ಬಿಡುವಾದಾಗ ಪ್ರಹಸನ ಬರೆಯುತ್ತಿದ್ದ. ಹೈಸ್ಕೂಲಿನ ಗಣಿತದ ಮಾಸ್ತರ ಅನಂತ ಮಗ್ದುಮ್ ಯಾರೂ ಕೇಳದಿದ್ದರೂ ಕಥೆ ಬರೆಯುತ್ತಿದ್ದ. ಮೂವರೂ ಸೇರಿ ಹದಿನಾರು ವರ್ಷದ ಹಿಂದೆ ಸಾಂಗಲಿಯ ಪೇಟೆಯಲ್ಲಿ ಜರಿ ಅಂಚಿನ ಕೆಂಪು ಶಾಲೊಂದನ್ನು ಕೊಂಡಿದ್ದರು. ಅಂದಿನಿಂದ ಮಂಡಳ ಸನ್ಮಾನಿಸಿದ ಮೂವತ್ತೇಳು ಮಂದಿಯ ಹೆಗಲನ್ನೂ ಅದೊಂದೇ ಶಾಲು ಅಲಂಕರಿಸಿತ್ತು.

ಅದಕ್ಕೊಂದು ಪದ್ಧತಿಯಿತ್ತು. ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಫೋಟೋ ತೆಗೆದಾದ ಮೇಲೆ ಬಬನ್ ಹಿಂದಿನಿಂದ ಬಂದು, "ಕೊಡ್ರಿ ಸರ, ಚಂದಗೆ ಪ್ಯಾಕ್ ಮಾಡಿ ಕೊಡ್ತೀನಿ" ಎಂದು ಅದನ್ನು ಮೆಲ್ಲಗೆ ಎತ್ತಿಕೊಳ್ಳುತ್ತಿದ್ದ. ಅತಿಥಿ ಕೈಚೀಲದೊಂದಿಗೆ ಮನೆ ಸೇರಿ ಬಿಚ್ಚಿ ನೋಡಿದರೆ ಒಳಗೆ ಶಾಲಿಲ್ಲ. ಅದರ ಬದಲಿಗೆ ಸೂರ್ಯಕಾಂತನ ಏಕೈಕ ಕವನಸಂಗ್ರಹ 'ನಿದ್ದೆಗೆಟ್ಟ ಹುಣಿಸೆಮರ' ಇರುತ್ತಿತ್ತು. ಮರ್ಯಾದಸ್ಥರು ಶಾಲು ಎಲ್ಲಿ ಎಂದು ಕೇಳುವುದಿಲ್ಲ. ಹೀಗೆ ಶಾಲು ಉಳಿಯಿತು, ಕಾವ್ಯವೂ ಹಬ್ಬಿತು.

ಮಾರ್ಚಿನಲ್ಲಿ ಅನಂತನ ಮೊದಲ ಕಾದಂಬರಿಗೆ ದಿಲ್ಲಿಯ ದೊಡ್ಡ ಪ್ರಶಸ್ತಿ ಬಂತು. ಸುದ್ದಿ ಕೇಳಿದ ಸೂರ್ಯಕಾಂತ "ಬಾಳ ಚಲೋ ಆತು" ಎಂದು ಮೂರು ಸಲ ಹೇಳಿದ. ಮೂರನೆಯ ಸಲ ಎದುರಿಗೆ ಯಾರೂ ಇರಲಿಲ್ಲ. ಅಂದಿನಿಂದ ಅವನಿಗೆ ಹುಳಿತೇಗು ಶುರುವಾಯಿತು.

"ಅಜೀರ್ಣ ಆಗೇತಿ, ಸ್ವಲ್ಪ ಓಂಕಾಳು ಕೊಡು," ಎಂದರೆ ಹೆಂಡತಿ ಮಾಲತಿ ಜಾಗ ಬಿಟ್ಟು ಏಳಲಿಲ್ಲ.

"ಓಂಕಾಳಿಗೆ ಹೋಗೂದಲ್ರೀ ಅದು. ನಿಮ್ಮ ಹೊಟ್ಟ್ಯಾಗ ಅನಂತ ಭಾವಜಿ ಕೂತಾರ."

ಕಾದಂಬರಿ ಹೇಗಿದೆಯೆಂದು ಊರಲ್ಲಿ ಯಾರೇ ಕೇಳಲಿ, ಸೂರ್ಯಕಾಂತ ಕಣ್ಣು ಕಿರಿದು ಮಾಡಿ, "ಚಲೋ ಐತಿ. ನಡುವ ಸ್ವಲ್ಪ ಎಳದೈತಿ," ಎನ್ನುತ್ತಿದ್ದ. ಅವನು ಅದರ ಹಾಳೆ ಕೂಡ ಬಿಡಿಸಿರಲಿಲ್ಲ. ಆದರೆ ನಡುವೆ ಎಳೆಯದ ಕಾದಂಬರಿ ಜಗತ್ತಿನಲ್ಲಿ ಇಲ್ಲವೆಂಬ ಭರವಸೆ ಅವನಿಗಿತ್ತು.

ಸನ್ಮಾನವನ್ನಂತೂ ಮಾಡಲೇಬೇಕಾಯಿತು. ಅಧ್ಯಕ್ಷನಾಗಿ ಸೂರ್ಯಕಾಂತ ಹದಿನೈದು ನಿಮಿಷ ಮಾತಾಡಿದ, ಅದರಲ್ಲಿ ಹನ್ನೊಂದು ತನ್ನ ಬಗ್ಗೆ. ಆಮೇಲೆ ಶಾಲು ಹೊದಿಸಿದ. ಫೋಟೋ ಆಯಿತು. ಬಬನ್ ಅಭ್ಯಾಸದಂತೆ ಕೈಚೀಲ ಹಿಡಿದು ಹಿಂದಿನಿಂದ ಬಂದು ಕೈ ಚಾಚಿದ. ಅನಂತ ಶಾಲಿನ ಎರಡೂ ತುದಿಗಳನ್ನು ಎದೆಗೆಳೆದುಕೊಂಡು, "ಇರ್ಲಿ ಬಿಡು," ಎಂದವನೇ ಕೈಚೀಲವನ್ನೂ ಕಿತ್ತುಕೊಂಡು, ನಲವತ್ತು ಡಿಗ್ರಿಯ ಸೆಕೆಯಲ್ಲಿ ಶಾಲು ಹೊದ್ದೇ ಸ್ಕೂಟರ್ ಹತ್ತಿ ಹೊರಟುಹೋದ.

ಮರುದಿನ ಪ್ರೆಸ್ಸಿನಲ್ಲಿ ಖಾಲಿ ಡಬ್ಬಿಯನ್ನು ನಡುವೆ ಇಟ್ಟುಕೊಂಡು ಉಳಿದಿಬ್ಬರೂ ಕೂತರು.

"ಒಳಗಿನ ಮನಷಾನ ಹಿಂಗ ಮಾಡಿದ್ರ ಹೊರಗಿನವ್ರಿಗೆ ಏನ್ ಅನ್ನೂದು?" ಎಂದ ಬಬನ್.

"ಪ್ರಶಸ್ತಿ ತಲಿಗೇರೇತಿ, ಬಬನ್ಯಾ." ಸೂರ್ಯಕಾಂತನ ದನಿಯಲ್ಲಿ ದುಃಖವಿತ್ತು, ಮುಖದಲ್ಲಿ ಇರಲಿಲ್ಲ. "ಮೂವತ್ತು ವರ್ಷದ ದೋಸ್ತಿ. ಒಂದು ಶಾಲಿಗೆ ಮಾರಿಕೊಂಡ."

"ಇವತ್ತು ತೇಗು ಬರವೊಲ್ಲದಲ್ಲೊ ನಿನಗ?"

ನಿಜ, ಬರುತ್ತಿರಲಿಲ್ಲ. ಬರವಣಿಗೆಯಲ್ಲಿ ಸೋತವನಿಗೆ ಗುಣದಲ್ಲಾದರೂ ಗೆಲ್ಲಬೇಕಿತ್ತು. ಅನಂತ ದೊಡ್ಡ ಲೇಖಕನಾಗಲಿ, ಸಣ್ಣ ಮನುಷ್ಯನೂ ಆಗಿದ್ದರೆ ಲೆಕ್ಕ ಸಮವಾಯಿತು. ಸೂರ್ಯಕಾಂತ ಉಳಿದ ಆಯುಷ್ಯವನ್ನು ನೆಮ್ಮದಿಯಿಂದ ಕಳೆಯಬಹುದು. ಆ ಸಣ್ಣತನಕ್ಕೆ ಸಾಕ್ಷಿ ಕೆಂಪು ಬಣ್ಣದಲ್ಲಿ, ಜರಿ ಅಂಚಿನೊಂದಿಗೆ ಸಿಕ್ಕಿತ್ತು. ಅದನ್ನು ಎದುರಿಗೆ ನಿಂತು ಕೇಳಿ, ಅನಂತನ ಬಾಯಿಂದ "ಕೊಡಂಗಿಲ್ಲ" ಅನಿಸುವುದಷ್ಟೇ ಬಾಕಿ.

ಸಂಜೆ ಅನಂತನ ಮನೆಗೆ ಹೊರಟ. ಅನಂತ ಬನಿಯನ್ನಿನಲ್ಲಿ ಫ್ಯಾನಿನ ಕೆಳಗೆ ಕೂತಿದ್ದ. ಕುರ್ಚಿಯ ಬೆನ್ನು ಶಾಲು ಹೊದ್ದುಕೊಂಡಿತ್ತು. ಅನಂತನ ಹೆಂಡತಿ ಸುಧಾ ವೈನಿ ಖಾರದ ಮಂಡಕ್ಕಿ ಭಡಂಗದ ತಾಟು ತಂದಿಟ್ಟು ಒಳಗೆ ಹೋದರು.

"ಅಂತ್ಯಾ, ಶಾಲು ಮಂಡಳದ್ದು."

"ಗೊತ್ತೈತಿ."

"ಮತ್ತ?"

"ಕೊಡಂಗಿಲ್ಲ."

ಇಷ್ಟು ಸುಲಭವಾಗಿ ಸಿಕ್ಕಿದ್ದು ಸೂರ್ಯಕಾಂತನಿಗೆ ಸ್ವಲ್ಪ ನಿರಾಸೆಯನ್ನೇ ತಂದಿತು. ಅನಂತ ಮುಂದುವರಿಸಿದ. "ಮೂವತ್ತೇಳು ಮಂದಿಗೆ ಹೊದಿಸೇವಿ. ಅದರಾಗ ಒಬ್ಬಂವ ಸಮ್ಮೇಳನಕ್ಕ ನೀರಿನ ಟ್ಯಾಂಕರ್ ಕಳಿಸಿದ್ದ ಅಂತ ಹೊದಿಸಿದ್ದು. ಪ್ರತಿ ಸಲ ನಾ ಮೂಲ್ಯಾಗ ನಿಂತು ಚಪ್ಪಾಳಿ ಹೊಡದು, ನನ್ನ ಹೆಗಲಿಗೆ ಯಾವಾಗ ಬರತೈತಿ ಅಂತ ನೋಡ್ತಿದ್ದೆ. ಕಡೀಕ ಬಂತು. ಎರಡು ನಿಮಿಷ ಆಗಿಲ್ಲ, ಬಬನ್ಯಾ ಕೈ ಚಾಚಿದ. ಅದೂ ಯಾವುದರ ಬದಲಿಗೆ? ನಿನ್ನ ಹುಣಸಿಮರ! ನನ್ನ ಕಡೆ ಆಗಲೇ ಆರು ಮರ ಅದಾವೊ."

"ಕಾವ್ಯಕ್ಕ ಬಯ್ಯಬ್ಯಾಡ."

"ಬಯ್ಯಾಕ ಓದಬೇಕಲ್ಲೊ." ಅನಂತ ಒಂದು ಮುಷ್ಟಿ ಭಡಂಗ ಬಾಯಿಗೆ ಹಾಕಿಕೊಂಡ. "ಹೊಟ್ಟಿಕಿಚ್ಚು ಪಡೂದಿದ್ರ ಪಡು. ನನಗ ತಕರಾರಿಲ್ಲ. ನಾನೂ ಪಟ್ಟೇನಿ."

"ಯಾರ ಮ್ಯಾಲ?"

"ನಿನ್ನ ಮ್ಯಾಲ. ತೊಂಬತ್ತೆಂಟರ ದೀಪಾವಳಿ ವಿಶೇಷಾಂಕ. ನೂರಾ ಹನ್ನೆರಡನೇ ಪುಟ. ನಿನ್ನ ಕವಿತಾದ ಸುತ್ತ ಬಳ್ಳಿ ಬಿಡಿಸಿದ್ರು. ನನ್ನ ಕಥಿ ವಾಪಸ್ ಬಂದಿತ್ತು. ಆ ವರ್ಷ ನಾ ಹಬ್ಬದ ಸಿಹಿ ಕರಂಜಿ ಬಾಯಾಗ ಇಡಲಿಲ್ಲ."

"ಕರಂಜಿ ಅಷ್ಟ ಅಲ್ಲ ಭಾವಜಿ," ಅಡುಗೆಮನೆಯಿಂದ ಸುಧಾ ವೈನಿಯ ದನಿ ಬಂತು. "ಎಂಟು ದಿನ ನನ್ನ ಕೂಡ ಮಾತು ಬಿಟ್ಟಿದ್ರು. ನಾ ಏನೋ ತಪ್ಪು ಮಾಡೀನಿ ಅಂತ ತವರಿಗೆ ಹೋಗಾಕ ಟ್ರಂಕು ತುಂಬಿದ್ದೆ. ಆಮ್ಯಾಲ ತಿಳೀತು, ತಪ್ಪು ನಿಮ್ದು ಅಂತ."

ಸೂರ್ಯಕಾಂತನ ಕೈ ತಾಟಿನ ಮೇಲೆಯೇ ನಿಂತಿತು.

"ಎಂಟು ದಿನಾ?"

"ಎಂಟು," ಎಂದರು ವೈನಿ ಒಳಗಿನಿಂದಲೇ.

"ಪೂರಾ ಎಂಟು?"

"ಒಂಬತ್ತಾದ್ರೂ ಆಗಿದ್ದಾವು. ಯಾಕ?"

"ಬಳ್ಳಿ ಅಲ್ಲ ಅದು," ಎಂದ ಸೂರ್ಯಕಾಂತ. "ಕಮಲದ ಹೂವು. ನಾಲ್ಕೂ ಮೂಲಿಗೆ." ತಾಟನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದ, "ಕವಿತಾ ಹ್ಯಾಂಗಿತ್ತು?"

"ಯಾಂವಗ ಗೊತ್ತು? ಹೂವು ನೋಡಿ ಮುಚ್ಚಿದವ ಮತ್ತ ತಗದಿಲ್ಲ. ನೀ ನನ್ನ ಕಾದಂಬರಿ ಓದೀಯೇನು?"

"ನಡುವ ಸ್ವಲ್ಪ ಎಳದೈತಿ."

"ಎಷ್ಟನೇ ಪುಟದಾಗ?"

ಸೂರ್ಯಕಾಂತ ಭಡಂಗದಲ್ಲಿ ಶೇಂಗಾ ಹುಡುಕತೊಡಗಿದ. ಅನಂತ ನಗಲು ಶುರುಮಾಡಿದ. ಆಮೇಲೆ ಸೂರ್ಯಕಾಂತನೂ. ವೈನಿ ಬಾಗಿಲಿಗೆ ಬಂದು ಇಬ್ಬರನ್ನೂ ನೋಡಿ, ಅರ್ಥವಾಗದೆ ಚಹಾಕ್ಕೆ ಇಟ್ಟರು.

ಹೊರಡುವಾಗ ಅನಂತ ಕಪಾಟಿನಿಂದ ಇನ್ನೊಂದು ಶಾಲು ತೆಗೆದ. "ದಿಲ್ಲಿಯವ್ರು ಹೊದಿಸಿದ್ದು. ಡಬ್ಬಿಗೆ ಇದನ್ನ ಹಾಕ್ರಿ. ತೆಳ್ಳಗ ಐತಿ, ಆದ್ರೂ ಫೋಟೋಕ್ಕ ನಡೀತೈತಿ."

ಕೈಯಲ್ಲಿ ಹಿಡಿದರೆ ಸುಕ್ಕಾದೀತೆಂದು ಸೂರ್ಯಕಾಂತ ಅದನ್ನು ಹೆಗಲಿಗೆ ಹಾಕಿಕೊಂಡ. ಪ್ರೆಸ್ಸು ಎಡಕ್ಕೆ ಎರಡನೆಯ ಓಣಿಯಲ್ಲಿತ್ತು. ಅವನು ಬಲಕ್ಕೆ ತಿರುಗಿ ದರ್ಗಾ, ಮಾರ್ಕೆಟ್ಟು, ಎಸ್ಟಿ ಬಸ್ ಸ್ಟ್ಯಾಂಡು ಎಲ್ಲ ಸುತ್ತಿ ಬಂದ. ಮೂವರು ನಿಲ್ಲಿಸಿ ಕೇಳಿದರು. ಮೂವರಿಗೂ "ದಿಲ್ಲೀದು" ಎಂದಷ್ಟೇ ಹೇಳಿದ, ಅದು ಸುಳ್ಳಾಗಿರಲಿಲ್ಲ.

ಪ್ರೆಸ್ಸಿನಲ್ಲಿ ಬಬನ್ ಶಾಲನ್ನು ಬೆಳಕಿಗೆ ಹಿಡಿದು ನೋಡಿದ. "ಇದು ನಮ್ದಲ್ಲಲೊ. ಅಂವ ಏನಂದ?"

"ತೊಂಬತ್ತೆಂಟರಾಗ ನನ್ನ ಕವಿತಾ ಬಂತಲ್ಲ, ಅದನ್ನ ನೋಡಿ ಹದಿನೈದು ದಿನ ಅನ್ನ ಬಿಟ್ಟಿದ್ದನಂತ."

ರಾತ್ರಿ ಮಾಲತಿಗೆ ಹೇಳುವಷ್ಟರಲ್ಲಿ ಅದು ಒಂದು ತಿಂಗಳಾಗಿತ್ತು. ಮಾಲತಿ ಕೇಳಿಸಿಕೊಂಡು ಓಂಕಾಳಿನ ಡಬ್ಬಿಯನ್ನು ಮೇಲಿನ ಹಲಗೆಗೆ ಸರಿಸಿದಳು.

ಕೆಂಪು ಶಾಲು ಡಬ್ಬಿಗೆ ಬರಲಿಲ್ಲ. ಮುಂದಿನ ತಿಂಗಳು ನಿವೃತ್ತ ಮುಖ್ಯಾಧ್ಯಾಪಕರೊಬ್ಬರಿಗೆ ದಿಲ್ಲಿಯ ಶಾಲು ಹೊದಿಸಲಾಯಿತು, ಫೋಟೋ ಆದ ಮೇಲೆ ಬಬನ್ ಅದನ್ನು ಎತ್ತಿಕೊಂಡ, ಮುಖ್ಯಾಧ್ಯಾಪಕರು ಹುಣಿಸೆಮರದೊಂದಿಗೆ ಮನೆಗೆ ಹೋದರು. ಕಾದಂಬರಿಯನ್ನು ಸೂರ್ಯಕಾಂತ ಈವರೆಗೆ ಓದಿಲ್ಲ.